ಹದಿನಾಲ್ಕನೇ ಪೈಪು

ಪೈಪು ಕ್ಲಾಂಪಿನೊಳಗೆ ಜಾರುವ ಮೊದಲು ಒಂದು ಸದ್ದು ಬರುತ್ತದೆ, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ. ಆ ಸದ್ದು ಕೇಳಿದ ಕೂಡಲೇ ಸರಪಳಿ ಎಳೆಯುವವರು ಕೈ ನಿಲ್ಲಿಸುತ್ತಾರೆ, ಕ್ಲಾಂಪ್ ಹಿಡಿದವನು ನಟ್ಟಿಗೆ ಇನ್ನರ್ಧ ಸುತ್ತು ಕೊಡುತ್ತಾನೆ, ಕೆಲಸ ಮುಂದುವರಿಯುತ್ತದೆ. ಹೋದ ಬೇಸಿಗೆಯಲ್ಲಿ ಕೋಗಳಿ ಹತ್ತಿರದ ಒಂದೂರಲ್ಲಿ, ಕುಡಿಯುವ ನೀರಿನ ಕೊಳವೆಬಾವಿಗೆ ಹೊಸ ಮೋಟರ್ ಇಳಿಸುವಾಗ ಆ ಸದ್ದು ಬರಲಿಲ್ಲ. ಬಂದಾಗ ತಡವಾಗಿತ್ತು. ಹದಿನಾಲ್ಕನೇ ಪೈಪು ಸುಮ್ಮನೆ ಒಂಬತ್ತು ಅಡಿ ಇಳಿಯಿತು, ಅದರ ತಲೆಗಿದ್ದ ದಪ್ಪ ಸಾಕೆಟ್ ಕ್ಲಾಂಪಿಗೆ ಬಡಿಯಿತು, ಏನೋ ಒಂದು ಸಿಡಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮೋಟರ್ ಸಮೇತ ಹದಿನಾಲ್ಕೂ ಪೈಪು ನೆಲದೊಳಗೆ ಹೋದವು. ಹಿಂದೆಯೇ ಕೇಬಲ್ ಸುರುಳಿ ಬಿಚ್ಚಿಕೊಂಡು ಓಡಿತು. ಅದರ ತುದಿ ಹಿಡಿಯಹೋದ ಒಬ್ಬನಿಗೆ ನಾನು "ಬಿಡೋ ಲೇ!" ಎಂದು ಕೂಗಿದ್ದಷ್ಟೇ ನೆನಪು.

ಯಾರಿಗೂ ಪೆಟ್ಟಾಗಲಿಲ್ಲ. ಅದು ದೇವರ ದಯೆ. ಆಮೇಲೆ ಆದದ್ದೆಲ್ಲ ನನ್ನ ಬಾಯಿಯ ದಯೆ.

ನನ್ನದು ಕೊಟ್ಟೂರು. ಕೊಳವೆಬಾವಿಯ ಮೋಟರ್ ಎತ್ತುವ, ಇಳಿಸುವ ಕೆಲಸ. ನಾವು ನಾಲ್ಕು ಜನ: ಸರಪಳಿ ಎಳೆಯುವವರು ಇಬ್ಬರು, ಕ್ಲಾಂಪ್ ಹಿಡಿಯುವವನು ಒಬ್ಬ, ಮೇಲ್ವಿಚಾರಣೆಗೆ ನಾನು. ಕ್ಲಾಂಪಿನವನು ಕೂಡ್ಲಿಗಿ ಕಡೆಯವನು, ನನಗಿಂತ ಹದಿನೈದು ವರ್ಷ ಹಿರಿಯ. ರಕ್ತಸಂಬಂಧ ಇಲ್ಲದಿದ್ದರೂ ನಾನು ಕಾಕಾ ಅನ್ನುತ್ತಿದ್ದೆ, ಅವನು ನನಗೆ ತಮ್ಮಾ ಅನ್ನುತ್ತಿದ್ದ. ಹನ್ನೆರಡು ವರ್ಷ ಹೀಗೇ ನಡೆದಿತ್ತು. ನಾನು ಡಿಪ್ಲೊಮಾ ಓದಿದವನು, ಬಲ, ಚಲನೆ, ಘರ್ಷಣೆ ಎಲ್ಲ ಪುಸ್ತಕದಲ್ಲಿ ಗೊತ್ತು. ಕಾಕಾನಿಗೆ ಅವು ಅಂಗೈಯಲ್ಲಿ ಗೊತ್ತು.

ಕ್ಲಾಂಪ್ ಅಂದರೆ ಪೈಪನ್ನು ಎರಡೂ ಕಡೆಯಿಂದ ಅಪ್ಪಿಕೊಳ್ಳುವ ಎರಡು ಉಕ್ಕಿನ ಹೋಳು. ಒಳಮೈಗೆ ಹಲ್ಲು, ಆಚೆ ಈಚೆ ಒಂದೊಂದು ಬೋಲ್ಟು. ಪಾನಾ ಹಾಕಿ ನಟ್ಟು ಬಿಗಿದರೆ ಹೋಳುಗಳು ಪೈಪನ್ನು ಒತ್ತುತ್ತವೆ. ಒತ್ತಿದಷ್ಟೂ ಘರ್ಷಣೆ, ಘರ್ಷಣೆ ಇದ್ದಷ್ಟೂ ಹಿಡಿತ. ಬಾವಿಯ ಬಾಯಿಗೆ ಅಡ್ಡ ಕೂರುವ ಕ್ಲಾಂಪು ಒಂದು, ಮೇಲೆ ರಾಟೆಗೆ ನೇತುಬಿದ್ದಿರುವುದು ಇನ್ನೊಂದು. ಪೈಪು ಇಪ್ಪತ್ತು ಅಡಿ, ರಾಟೆ ತೂಗುಹಾಕುವ ಮೂರು ಕಾಲಿನ ಕಬ್ಬಿಣದ ಚೌಕಟ್ಟು, ನಮ್ಮ ಮೂರುಕಾಲು, ಹದಿನೈದೇ ಅಡಿ. ಹಾಗಾಗಿ ಪ್ರತಿ ಪೈಪನ್ನೂ ಅರ್ಧ ಇಳಿಸಿ, ಬಾಯಿಯ ಕ್ಲಾಂಪಿನಿಂದ ನಡುವಿಗೆ ಹಿಡಿದು ನಿಲ್ಲಿಸಿ, ಮೇಲಿನ ಕ್ಲಾಂಪನ್ನು ಬಿಚ್ಚಿ ತುದಿಗೆ ಕಟ್ಟಬೇಕು. ಆ ಎರಡು ನಿಮಿಷ ಕೆಳಗೆ ತೂಗುತ್ತಿರುವ ಐದು ಕ್ವಿಂಟಾಲು ಭಾರಕ್ಕೆ ಘರ್ಷಣೆ ಬಿಟ್ಟರೆ ಬೇರೆ ಆಸರೆ ಇಲ್ಲ. ಬೇರೆ ಆಸರೆ ಇರಲಿ ಎಂದೇ ಮೋಟರಿಗೆ ನೈಲಾನ್ ಹಗ್ಗ ಕಟ್ಟಿ ಪಕ್ಕದಲ್ಲಿ ಬಿಡುತ್ತಾ ಹೋಗುವುದು ಪದ್ಧತಿ.

ಅಂದು ಬೆಳಗ್ಗೆ ಕಾಕಾ ಕೇಳಿದ್ದ, "ಹಗ್ಗ ತಂದೇನು ತಮ್ಮಾ?"

"ಇಲ್ಲ, ಮಾಗಳದ ಕೆಲಸದಾಗ ಉಳಿದಿದ್ದು ಅಲ್ಲೇ ಐತಿ. ಒಂದಿನಕ್ಕ ಏನಾಗಂಗಿಲ್ಲ ಬಿಡು."

ಅವನು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಸುಮ್ಮನಾದದ್ದನ್ನೂ ನಾನು ಅನುಮಾನದ ಲೆಕ್ಕಕ್ಕೇ ಹಾಕಿಕೊಂಡೆ. ಅದಕ್ಕೊಂದು ಕಾರಣವಿತ್ತು. ಎರಡು ದಿನದ ಹಿಂದೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು, ನನ್ನಂಥದ್ದೇ ಕೆಲಸ ಮಾಡುವ ಇನ್ನೊಬ್ಬ ಮಾಲೀಕನ ಜೊತೆ ಕಾಕಾ ಚಹಾ ಕುಡಿಯುತ್ತಿದ್ದುದನ್ನು ಕಂಡಿದ್ದೆ. ನಾನೂ ಆ ಮಾಲೀಕನೂ ಎಣ್ಣೆ ಸೀಗೇಕಾಯಿ. ಸಂಜೆ ಕಾಕಾನನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ, "ಸುಮ್ನ ಹೋಗಿದ್ದೆ" ಅಂದ. ನಾನು ಹುಟ್ಟಾ ಅನುಮಾನದ ಮನುಷ್ಯ. ಹಾಲು ತಂದರೆ ನೀರೆಷ್ಟು ಎಂದು ನೋಡುತ್ತೇನೆ, ನೀರು ತಂದರೆ ಎಲ್ಲಿಂದ ಎಂದು ಕೇಳುತ್ತೇನೆ. ದೇವರು ಪ್ರತ್ಯಕ್ಷನಾದರೂ ಆಧಾರ್ ಕಾರ್ಡ್ ಕೇಳುತ್ತೀರಿ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಅಂಥವನಿಗೆ 'ಸುಮ್ನ ಹೋಗಿದ್ದೆ' ಎಂಬ ಮಾತು ಎರಡು ದಿನ ನಿದ್ದೆ ಕೊಡಲಿಲ್ಲ.

ಪೈಪು ಬಿದ್ದ ಸದ್ದಿಗೆ ಊರು ಕೂಡಿತು. ಮೊದಲು ಬಂದವನು ನೀರಗಂಟಿ, ಊರಿಗೆ ನೀರು ಬಿಡುವ ಪಂಚಾಯ್ತಿ ಆಳು. ಹತ್ತು ದಿನದಿಂದ ಜನ ಅವನನ್ನು ಬೈಯುತ್ತಿದ್ದರು.

"ಏನ್ರಿ ಇದು? ಇಡೀ ಊರು ಟ್ಯಾಂಕರ್ ನೀರು ಕುಡಿಯಾಕ ಹತ್ತೈತಿ. ಹೊಸಾ ಮೋಟರು ಬಾವ್ಯಾಗ ಹಾಕಿ ಕುಂತೀರಲ್ರಿ!"

ಅವನು ಹೇಳಿದ್ದು ಸುಳ್ಳಲ್ಲ. ಬಿದ್ದದ್ದು ಮೇಲೆ ಬರದಿದ್ದರೆ ಮೋಟರ್ ಅಷ್ಟೇ ಅಲ್ಲ, ಬಾವಿಯೇ ಹೋದಂತೆ. ಆ ಊರಿಗೆ ಸಿಹಿನೀರಿನ ಬಾವಿ ಅದೊಂದೇ.

ನಾನು ಕ್ಲಾಂಪನ್ನು ಎತ್ತಿ ನೋಡಿದೆ. ಒಂದು ಬೋಲ್ಟು ಡೊಂಕಾಗಿ ಅಲ್ಲೇ ಇತ್ತು, ನಟ್ಟೂ ಇತ್ತು. ಇನ್ನೊಂದು ಕಡೆ ಬೋಲ್ಟೂ ಇಲ್ಲ, ನಟ್ಟೂ ಇಲ್ಲ, ಖಾಲಿ ತೂತು. ನನ್ನ ತಲೆ ಅಷ್ಟಕ್ಕೇ ಕಾದಿತ್ತು.

"ಕಾಕಾ, ಈ ನಟ್ಟು ಬಿಗಿದಿದ್ದೇನು?"

"ಬಿಗಿದಿದ್ದೆ ತಮ್ಮಾ. ಕೈಬಿಗಿ ಆದಮ್ಯಾಲ ಒಂದೂವರಿ ಸುತ್ತು. ದಿನಾ ಬಿಗಿದಂಗ."

"ಹಂಗಾರ ಎಲ್ಲೈತಿ? ಬಿಗಿದಿದ್ದ ನಟ್ಟು ತಾನ ಬಿಚ್ಚಿಗೊಂಡು ಊಟಕ್ಕ ಹೋತೇನು?"

ಯಾರೋ ನಕ್ಕರು. ಆ ನಗುವಿನಿಂದ ನನಗೆ ಇನ್ನಷ್ಟು ಹುರುಪು ಬಂತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

"ಗೊತ್ತಾಗವಲ್ದು. ಹುಡುಕೋಣ ತಡಿ."

"ಹುಡುಕೋದು ಏನೈತಿ? ಹರಪನಳ್ಳ್ಯಾಗ ಚಾ ಕುಡಿದಿದ್ದು ಇದಕ್ಕ ಏನು? ನನ್ನ ಹೆಸರು ಕೆಡಿಸಾಕ ಆತ ಏನ್ ಕೊಟ್ಟ?"

ಕಾಕಾ ನನ್ನನ್ನೇ ನೋಡಿದ. ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೈಯಲ್ಲಿದ್ದ ಪಾನಾವನ್ನು ಕ್ಲಾಂಪಿನ ಪಕ್ಕ ಸದ್ದಾಗದಂತೆ ಇಟ್ಟ, ಟವೆಲಿನಲ್ಲಿ ಕೈ ಒರೆಸಿಕೊಂಡ. "ಬರ್ತೀನ್ರಿ" ಅಂದು ಡಾಂಬರು ರಸ್ತೆಯ ಕಡೆ ನಡೆದ. ಹನ್ನೆರಡು ವರ್ಷದಲ್ಲಿ ನನಗೆ ಅವನು ರೀ ಹಚ್ಚಿದ್ದು ಅದೇ ಮೊದಲು.

ಪಂಚಾಯ್ತಿಯವರು ಬಂದು ಏನಾಯಿತೆಂದು ಬರೆದುಕೊಡಿ ಅಂದರು. ನಮ್ಮ ಕೆಲಸಗಾರನ ನಿರ್ಲಕ್ಷ್ಯದಿಂದ ಹೀಗಾಗಿದೆ ಎಂದು ಅವನ ಹೆಸರು, ಊರು ಸಮೇತ ಬರೆದು ಸಹಿ ಹಾಕಿದೆ. ಹಗ್ಗ ಕಟ್ಟಿರಲಿಲ್ಲ ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಬರೆಯಲಿಲ್ಲ. ಆ ಕಾಗದದ ಫೋಟೊ ಸಂಜೆಯೊಳಗೆ ಊರಿನ ವಾಟ್ಸಾಪಿಗೆ ಹೋಯಿತು. ಹಗರಿಬೊಮ್ಮನಹಳ್ಳಿ ದಾಟಿ ಕೂಡ್ಲಿಗಿ ಮುಟ್ಟುವಷ್ಟರಲ್ಲಿ 'ನಿರ್ಲಕ್ಷ್ಯ' ಹೋಗಿ 'ಕಳ್ಳ' ಬಂದಿತ್ತು. ಈ ಐದು ತಾಲೂಕಿನಲ್ಲಿ ಮೋಟರ್ ಎತ್ತುವ ತಂಡಗಳು ಎಲ್ಲ ಒಂದಕ್ಕೊಂದು ಗೊತ್ತು. ಆ ಕಾಗದ ಇರುವವರೆಗೆ ಕಾಕಾನನ್ನು ಬಾವಿಯ ಹತ್ತಿರ ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಬಿದ್ದ ಪೈಪನ್ನು ಎತ್ತಲು ಬೇರೆಯದೇ ಒಂದು ಸಾಧನ ಬೇಕು. ಒಳಗೆ ಇಳಿಜಾರು ಹಲ್ಲುಗಳಿರುವ ಉಕ್ಕಿನ ಕೊಳವೆ ಅದು, ನಾವು ಗಾಳ ಅನ್ನುತ್ತೇವೆ. ಪೈಪಿನ ತಲೆಯ ಮೇಲೆ ಅದನ್ನು ಕೂರಿಸಿ ಎಳೆದರೆ ಹಲ್ಲು ಕಚ್ಚಿಕೊಳ್ಳುತ್ತವೆ. ಭಾರ ಹೆಚ್ಚಾದಷ್ಟೂ ಕಚ್ಚು ಹೆಚ್ಚು. ನನ್ನ ಹತ್ತಿರ ಇದ್ದದ್ದು ಸಣ್ಣ ಪೈಪಿನದು. ಇಲ್ಲಿಗೆ ಬೇಕಾದ ಎರಡು ಇಂಚಿನದು ಇದ್ದದ್ದು ಆ ಹರಪನಹಳ್ಳಿಯವನ ಹತ್ತಿರ. ಬೇರೆ ದಾರಿ ಇಲ್ಲದೆ ಮರುದಿನ ನಾಚಿಕೆ ಬಿಟ್ಟು ಹೋದೆ.

ಅವನು ಗಾಳ ಕೊಟ್ಟ. ಕೊಡುವಾಗ ಹೇಳಿದ, "ಮೊನ್ನೆ ಹಗ್ಗ ಕೊಡಲಿಲ್ಲ ನಾನು. ಅದೇ ಬ್ಯಾಸರ ಆಗೈತೆ, ಅದಕ್ಕೆ ಕೊಡ್ತಾ ಇದೀನಿ, ತಗಾ."

"ಯಾವ ಹಗ್ಗ?"

"ನಿಮ್ಮ ಕಾಕಾ ಬಂದಿದ್ನಲ್ಲಪ್ಪ. 'ನಮ್ಮ ಹಗ್ಗ ಮಾಗಳದಾಗ ಉಳಿದೈತಿ, ಸೋಮವಾರ ಕುಡಿಯೋ ನೀರಿನ ಬಾವಿ ಕೆಲಸ ಐತಿ, ಒಂದಿನಕ್ಕೆ ಕೊಡ್ರಿ' ಅಂದ. ಚಾ ಕುಡಿಸಿದೆ, ಹಗ್ಗ ಇಲ್ಲ ಅಂದೆ. ನಿನ್ನ ಮೇಲಿನ ಸಿಟ್ಟು."

ಯಾರಿಗಾದರೂ ಆ ಕ್ಷಣಕ್ಕೆ ಎದೆ ಧಸಕ್ಕೆನ್ನಬೇಕು. ನನಗೆ ಹಾಗಾಗಲಿಲ್ಲ. ಗಾಡಿಯಲ್ಲಿ ಗಾಳ ಹಾಕಿಕೊಂಡು ಹರಪನಹಳ್ಳಿ ದಾಟುವಷ್ಟರಲ್ಲಿ, ಇದು ಇಬ್ಬರೂ ಸೇರಿ ಕಟ್ಟಿದ ಮಾತು ಎಂದು ತೀರ್ಮಾನಿಸಿಬಿಟ್ಟಿದ್ದೆ. ಹಗ್ಗ ಕೇಳಲು ಹೋದವನು 'ಸುಮ್ನ ಹೋಗಿದ್ದೆ' ಎಂದು ಯಾಕೆ ಹೇಳಬೇಕು? ಅನುಮಾನಕ್ಕೆ ಉತ್ತರ ಸಿಕ್ಕರೆ ಅದು ಆ ಉತ್ತರದ ಮೇಲೇ ಹೋಗಿ ಕೂರುತ್ತದೆ.

ಬುಧವಾರ ಪೂರ್ತಿ ಕೇಬಲ್ಲಿಗೇ ಹೋಯಿತು. ಅದು ಪೈಪಿನ ತಲೆಯ ಮೇಲೆ ಗಂಟುಗಂಟಾಗಿ ಬಿದ್ದಿತ್ತು. ಬೇರೆ ಪೈಪುಗಳ ತುದಿಗೆ ಕೊಕ್ಕೆ ಹಾಕಿ ಇಳಿಸುವುದು, ತಿರುಗಿಸುವುದು, ಎಳೆಯುವುದು. ಸಿಕ್ಕಿತೆಂದರೆ ಹತ್ತಡಿ ತುಂಡು ಬರುತ್ತಿತ್ತು, ಮತ್ತೆ ಇಳಿಸಬೇಕು. ಕ್ಲಾಂಪ್ ನಾನೇ ಹಿಡಿದೆ. ಎರಡು ಸಲ ಹಲ್ಲು ಕಡಿದ ಸದ್ದು ಬಂತು, ಎರಡು ಸಲವೂ ನಟ್ಟಿಗೆ ಇನ್ನರ್ಧ ಸುತ್ತು ಕೊಟ್ಟೆ. ಸರಪಳಿ ಎಳೆಯುವವರು ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅವರು ಕಾಕಾನ ಪರ ಎಂದು ಅವರ ಮೇಲೂ ನನಗೆ ಅನುಮಾನವಿತ್ತು. ಸಂಜೆ ನೀರಗಂಟಿ ಚಹಾ ತಂದುಕೊಟ್ಟರೆ, ಟ್ಯಾಂಕರಿನವರ ಜೊತೆ ಇವನದೇನಾದರೂ ಒಳಗಿಂದೊಳಗೆ ಇರಬಹುದೇ ಎಂದು ಯೋಚಿಸುತ್ತಲೇ ಕುಡಿದೆ.

ಗುರುವಾರ ಮೊದಲ ಸಲ ಗಾಳ ಕಚ್ಚಿತು, ಎಳೆದಾಗ ಬಿಟ್ಟುಕೊಂಡಿತು. ಎರಡನೇ ಸಲ ಇಳಿಸಿ, ಪೈಪಿನ ತಲೆಗೆ ತಾಗಿದ್ದು ಕೈಗೆ ತಿಳಿದ ಮೇಲೆ, ಮೂರು ಸಲ ಎತ್ತಿ ಎತ್ತಿ ಕುಕ್ಕಿ ಕೂರಿಸಿದೆವು. ಸರಪಳಿ ಬಿಗಿಯಿತು. ಮೂರುಕಾಲಿನ ಪಾದ ಮಣ್ಣಿನಲ್ಲಿ ಎರಡು ಬೆರಳು ಹೂತಿತು. ಭಾರ ಬಂದಿತ್ತು. ಇನ್ನೂರಡಿ ಎಳೆಯಲು ಮಧ್ಯಾಹ್ನವಾಯಿತು. ಮೊದಲು ಮೇಲೆ ಬಂದದ್ದು ಸಹಜವಾಗಿಯೇ ಹದಿನಾಲ್ಕನೇ ಪೈಪು.

ಪೈಪಿನ ನಡುವಲ್ಲಿ ಎರಡು ಮೊಳದಷ್ಟು ಹಳದಿ ಇತ್ತು.

ಅರಿಶಿನ ನನಗೇನೂ ಹೊಸದಲ್ಲ. ಯಾವ ಊರಿಗೆ ಹೋದರೂ ಮೋಟರ್ ಇಳಿಸುವ ಮೊದಲು ಹೆಂಗಸರು ಗಂಗವ್ವನ ಪೂಜೆ ಮಾಡುತ್ತಾರೆ, ಮೋಟರಿಗೆ, ಪೈಪಿಗೆ ನೀರಲ್ಲಿ ಕಲಸಿದ ಅರಿಶಿನ ಹಚ್ಚುತ್ತಾರೆ. ಅದು ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ, ಕ್ಲಾಂಪಿನ ಹಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ನೀರಲ್ಲಿ ಕಲಸಿದ ಅರಿಶಿನ ಮೂರು ದಿನ ಬಾವಿಯ ನೀರಲ್ಲಿ ಮುಳುಗಿಯೂ ಹೀಗೆ ಉಳಿಯುವುದುಂಟೆ? ಆಮೇಲೆ ಎಳೆದ ಪೈಪುಗಳಲ್ಲಿ ಬೆಳಗಿನ ಪೂಜೆಯವೂ ಇದ್ದವು, ಒಂದರ ಮೇಲೂ ಹಳದಿ ಇರಲಿಲ್ಲ. ಇದೊಂದರ ಮೇಲೆ ಮಾತ್ರ ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತಿತ್ತು. ಬೆರಳಲ್ಲಿ ತಿಕ್ಕಿದೆ. ಜಿಡ್ಡು. ಮೂಗಿಗೆ ಹಿಡಿದೆ. ಶೇಂಗಾ ಎಣ್ಣೆ.

ಪೈಪಿನ ಮೈಮೇಲೆ ಏನಾಯಿತೆಂಬುದು ಬರೆದಿಟ್ಟಂತಿತ್ತು. ಹಳದಿ ಇದ್ದ ಎರಡು ಮೊಳದಲ್ಲಿ ಹಲ್ಲಿನ ಗುರುತೇ ಇಲ್ಲ, ನುಣ್ಣಗೆ ಜಾರಿದೆ. ಅದರ ಮೇಲಕ್ಕೆ ಸಣ್ಣ ಗೀರು, ಸಾಕೆಟ್ ಹತ್ತಿರ ಹೋದಂತೆ ಆಳವಾದ ಗೀರು. ಅಂದರೆ ಒಣ ಜಾಗ ಬಂದಾಗ ಹಲ್ಲು ಕಚ್ಚಲು ನೋಡಿದೆ, ಆದರೆ ಅಷ್ಟೊತ್ತಿಗೆ ಪೈಪಿಗೆ ವೇಗ ಬಂದಿತ್ತು. ನಿಂತ ವಸ್ತುವನ್ನು ಹಿಡಿದಿಡುವ ಘರ್ಷಣೆಗಿಂತ ಜಾರುತ್ತಿರುವುದನ್ನು ತಡೆಯುವ ಘರ್ಷಣೆ ಯಾವಾಗಲೂ ಕಡಿಮೆ. ಮೊದಲ ವರ್ಷದ ಪಾಠ ಇದು. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು ನಾನು.

ಬೋಲ್ಟು ಹುಡುಕಿದೆ. ಮೂರು ದಿನದ ಹಿಂದೆ ಕಾಕಾ 'ಹುಡುಕೋಣ ತಡಿ' ಅಂದಿದ್ದನ್ನು ಈಗ ಮಾಡಿದೆ. ಪಂಪ್‌ಹೌಸಿನ ಗೋಡೆಯ ಬುಡದ ಜಾಲಿಮುಳ್ಳಿನಲ್ಲಿ ಸಿಕ್ಕಿತು, ಅರ್ಧ ತುಂಡು. ಮುರಿದ ಕಡೆ ಕುತ್ತಿಗೆ ಎಳೆದು ಸಣ್ಣಗಾಗಿತ್ತು. ಇನ್ನೊಂದು ತುದಿಯಲ್ಲಿ ನಟ್ಟು ತನ್ನ ಜಾಗದಲ್ಲೇ ಭದ್ರವಾಗಿತ್ತು. ಸಡಿಲ ನಟ್ಟು ಬಿಚ್ಚಿಹೋಗಿರಲಿಲ್ಲ. ಬಿಗಿದ ಬೋಲ್ಟು ಏಟಿಗೆ ಹರಿದಿತ್ತು. ಕೈಬಿಗಿ ಆದ ಮೇಲೆ ಒಂದೂವರೆ ಸುತ್ತು. ಕಾಕಾ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಆ ಮುಳ್ಳಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟೆ.

ಅಳು ನಿಂತ ಕೂಡಲೇ ಹೊಸ ಅನುಮಾನ ಬಂತು. ಎಣ್ಣೆ ಹಚ್ಚಿದ್ದು ಯಾರು, ಯಾಕೆ? ನೆನಪಾಯಿತು. ಬೆಳಗಿನ ಪೂಜೆ ಮುಗಿದು ಎಷ್ಟೋ ಹೊತ್ತಿನ ಮೇಲೆ, ಹೊಲದಿಂದ ಬಂದ ಒಬ್ಬ ಮುದುಕಿ ಅಟ್ಟಿಯಲ್ಲಿದ್ದ ಮುಂದಿನ ಪೈಪಿನ ನಡುವಿಗೆ ಅರಿಶಿನ ಹಚ್ಚಿ ಹೂ ಕಟ್ಟಿದ್ದಳು. 'ಜಲ್ದಿ ಮುಗಿಸವ್ವ' ಎಂದು ನಾನೇ ಅವಸರ ಮಾಡಿದ್ದೆ. ಅವಳು ನೀರಗಂಟಿಯ ತಾಯಿ. ಹಾಗಾದರೆ ಮಗನೇ ಹೇಳಿ ಮಾಡಿಸಿದ್ದೇನು? ನೋಡಿ, ನಾಲ್ಕು ದಿನದಲ್ಲಿ ನಾನು ಕಲಿತದ್ದು ಇಷ್ಟೇ!

ಅವಳ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಅವ್ವಾ, ಅವತ್ತು ಅರಿಶಿಣ ಏನ್ರಾಗ ಕಲಸಿದ್ದಿ?"

"ಎಣ್ಣ್ಯಾಗ."

"ಎಣ್ಣ್ಯಾಗ ಯಾಕ? ಎಲ್ಲರೂ ನೀರಾಗ ಕಲಸ್ತಾರ."

ನನ್ನನ್ನು ದಡ್ಡನನ್ನು ನೋಡಿದಂತೆ ನೋಡಿದಳು. "ನೀರು ಎಲ್ಲೈತೋ ಯಪ್ಪಾ? ಈ ಬಾವೀದು ಒಂದು ಕೊಡಪಾನ ನೀರು ಉಳಿದಿದ್ದು ಬೆಳಿಗ್ಗಿ ಪೂಜಿಗೆ ಮುಗೀತು. ಮನ್ಯಾಗ ಇದ್ದಿದ್ದು ಟ್ಯಾಂಕರಿಂದು. ಅದು ಯಾವೂರ ಹಳ್ಳದ್ದೋ, ಯಾವ ಗುಂಡೀದೋ. ಕುಡಿಯಾಕ ಗತಿ ಇಲ್ಲ, ಕುಡೀತೀವಿ. ಆ ನೀರಿಲೆ ಗಂಗವ್ವಗ ಅರಿಶಿಣ ಹಚ್ಚಾಕ ಬರ್ತತೇನು? ಅದಕ್ಕ ದೀಪದ ಎಣ್ಣ್ಯಾಗ ಕಲಸಿದೆ. ದೀಪಕ್ಕ ನಡೀತೈತಿ, ಆಕಿಗೆ ನಡಿಯಂಗಿಲ್ಲೇನು?"

ಇದರಲ್ಲಿ ಅನುಮಾನ ಪಡಲು ಏನೂ ಉಳಿದಿರಲಿಲ್ಲ.

ಮೋಟರ್ ಸಂಜೆಯೊಳಗೆ ಮೇಲೆ ಬಂತು, ತಳದ ಜಾಲರಿ ಜಜ್ಜಿದ್ದು ಬಿಟ್ಟರೆ ಚೆನ್ನಾಗಿಯೇ ಇತ್ತು. ಊರವರಿಗೆ ಅಷ್ಟು ಸಾಕಿತ್ತು. ಕಾಕಾನ ವಿಷಯ ಯಾರ ಬಾಯಲ್ಲೂ ಇರಲಿಲ್ಲ. ಸುಮ್ಮನಿದ್ದುಬಿಟ್ಟರೆ ನನ್ನ ಹಗ್ಗದ ಮಾತೂ ಹೊರಗೆ ಬರುತ್ತಿರಲಿಲ್ಲ, ಮುದುಕಿಯ ಎಣ್ಣೆಯ ಮಾತೂ ಬರುತ್ತಿರಲಿಲ್ಲ. ಊರಿನ ಪೂಜೆಯ ಮೇಲೆ ತಪ್ಪು ಹೊರಿಸಿದ ಎಂಬ ಹೆಸರೂ ಇಲ್ಲ. ಆ ದಾರಿ ನನಗೆ ಬಹಳ ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಸುತ್ತಾ, "ಬರೆದುಕೊಟ್ಟ ಕೈ ಯಾರದು?" ಅಂದಳು, ಅಷ್ಟೇ.

ಮರುದಿನ ಬೆಳಗ್ಗೆ ಪಂಚಾಯ್ತಿಯವರನ್ನೂ ನೀರಗಂಟಿಯನ್ನೂ ಬಾವಿಯ ಹತ್ತಿರ ಕರೆದೆ, ಜನರೂ ಬಂದರು. ಬಾಯಿಮಾತಿಗೆ ಅವರು ನಂಬುವುದಿಲ್ಲ, ನಾನಾಗಿದ್ದರೂ ನಂಬುತ್ತಿರಲಿಲ್ಲ. ಪಂಪ್‌ಹೌಸಿನಲ್ಲಿದ್ದ ನಾಲ್ಕಡಿ ಕಬ್ಬಿಣದ ತಗಡು ತಂದು ನೆಲಕ್ಕೆ ಹಾಕಿದೆ. ಗೇಣುದ್ದ ಪೈಪಿನ ತುಂಡುಗಳನ್ನು ಉರುಳದಂತೆ ಎರಡೆರಡಾಗಿ ತಂತಿಯಿಂದ ಕಟ್ಟಿ ಮೂರು ಜೋಡಿ ಮಾಡಿದ್ದೆ. ಒಂದು ಬರೀ ಪೈಪು. ಒಂದಕ್ಕೆ ನೀರಿನ ಅರಿಶಿನ ಹಚ್ಚಿ ಒಣಗಿಸಿದ್ದು. ಒಂದಕ್ಕೆ ಎಣ್ಣೆಯ ಅರಿಶಿನ. ಮೂರನ್ನೂ ತಗಡಿನ ಮೇಲೆ ಸಾಲಾಗಿಟ್ಟು, ತಗಡಿನ ಒಂದು ತುದಿಯ ಕೆಳಗೆ ಒಂದೊಂದೇ ಇಟ್ಟಿಗೆ ಕೊಡುತ್ತಾ ಎತ್ತರಿಸಿದೆ.

ಮೂರನೇ ಇಟ್ಟಿಗೆಗೆ ಎಣ್ಣೆಯದು ಸದ್ದಿಲ್ಲದೆ ಜಾರಿ ಕೆಳಗೆ ಬಂತು. ಉಳಿದೆರಡು ಅಲ್ಲೇ ಇದ್ದವು. ಆರಾಯಿತು. ಏಳನೇ ಇಟ್ಟಿಗೆಗೆ ಅವೂ ಕಿರುಗುಟ್ಟುತ್ತ ಜಾರಿದವು, ಒಂದರ ಹಿಂದೆ ಒಂದು.

ನೀರಗಂಟಿ ಸುಲಭಕ್ಕೆ ಬಿಡುವವನಲ್ಲ. "ಇದು ಗೇಣು ಪೈಪ್ರಿ. ಅದು ಐದು ಕ್ವಿಂಟಾಲಿಂದು. ಇದಕ್ಕೂ ಅದಕ್ಕೂ ಎಲ್ಲಿ ಹೋಲಿಕಿ?"

"ಒಂದು ಕಲ್ಲು ತಾ. ನಿನಗ ಬೇಕಾದಷ್ಟು ದೊಡ್ಡದು."

ಅವನು ತಂದ ಕಲ್ಲನ್ನು ಎಣ್ಣೆಯ ಜೋಡಿಯ ಮೇಲೆ ಕಟ್ಟಿದೆ. ಮತ್ತೆ ಇಟ್ಟಿಗೆ ಇಟ್ಟೆ. ಮೂರನೆಯದಕ್ಕೇ ಜಾರಿತು. ಭಾರ ಹೆಚ್ಚಾದರೆ ಕೆಳಗೆ ಎಳೆಯುವ ಬಲವೂ ಹೆಚ್ಚು, ಒತ್ತಿ ಹಿಡಿಯುವ ಘರ್ಷಣೆಯೂ ಅಷ್ಟೇ ಪಾಲು ಹೆಚ್ಚು. ಜಾರುವ ಇಳಿಜಾರಿಗೆ ತೂಕದ ಹಂಗಿಲ್ಲ, ಮೈಗೆ ಏನು ಹಚ್ಚಿದೆ ಎನ್ನುವುದರ ಹಂಗು ಮಾತ್ರ. ಒಂದೂವರೆ ಸುತ್ತು ಬಿಗಿದ ಕ್ಲಾಂಪು ಒಣ ಪೈಪನ್ನು ಹಿಡಿಯುತ್ತದೆ. ಎಣ್ಣೆಯ ಪೈಪಿಗೆ ಅದರ ಅರ್ಧ ಹಿಡಿತವೂ ಸಿಗುವುದಿಲ್ಲ, ಬಿಗಿದವನು ಯಾರೇ ಆಗಲಿ. ಇದನ್ನೆಲ್ಲ ಹೇಳಿ, ಮುರಿದ ಬೋಲ್ಟನ್ನು ಎಲ್ಲರ ಕೈಗೂ ಕೊಟ್ಟೆ.

ಮುದುಕಿ ಹಿಂದೆ ನಿಂತಿದ್ದಳು. "ಹಂಗಾರ ಇದು ನನ್ನ ಕೈಲೆ ಆತೇನಪ್ಪ?" ಅಂದಳು.

"ನಿನ್ನ ಕೈಲೆ ಅಲ್ಲವ್ವ. ನೀ ಹಚ್ಚಿದ್ದು ನಾ ಕಣ್ಣಾರೆ ನೋಡೀನಿ. ಒಂದು ಬಟ್ಟಿ ತಗೊಂಡು ಒರಸಿದ್ರ ಸಾಕಿತ್ತು. ಹಗ್ಗ ಕಟ್ಟಿದ್ರ ಬೀಳ್ತಿರಲಿಲ್ಲ. ಎರಡೂ ನೋಡಬೇಕಾದಾಂವ ನಾನು."

ಅವಳು ಜನರನ್ನು ಸರಿಸಿ ಮುಂದೆ ಬಂದು ಹೇಳಿದಳು, "ಆ ಹಿರ್ಯಾನ್ನ ಕರಕೊಂಡು ಬಾ ಮೊದಲು. ಅಲ್ಲೀತನ ನಾ ಪೂಜಿ ಮಾಡಂಗಿಲ್ಲ, ಮೋಟರ್ ಇಳಸಾಕೂ ಬಿಡಂಗಿಲ್ಲ."

ಎರಡನೇ ಕಾಗದ ಬರೆದುಕೊಟ್ಟೆ, ತಪ್ಪು ನನ್ನದೆಂದು, ಹಗ್ಗದ ಮಾತು ಸೇರಿಸಿ. ನಾನೇ ಫೋಟೊ ತೆಗೆದು ಎಲ್ಲ ಗುಂಪಿಗೂ ಹಾಕಿದೆ. ಮೊದಲನೆಯದು ಹೋದಷ್ಟು ದೂರ ಅದು ಹೋಗಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ.

ಕೂಡ್ಲಿಗಿಯಿಂದ ಆರು ಮೈಲಿ ಆಚೆ ಕಾಕಾನ ಊರು. ಕುರಿಹಟ್ಟಿಯ ಬೇಲಿ ಕಟ್ಟುತ್ತಿದ್ದ. ಬಾ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ: ಅರಿಶಿನ, ಎಣ್ಣೆ, ಬೋಲ್ಟು, ತಗಡು, ಇಟ್ಟಿಗೆ. ಅವನು ಕೈಕೆಲಸ ನಿಲ್ಲಿಸದೆ ಕೇಳಿದ.

"ಹಗ್ಗ ಕೇಳಾಕ ಹೋಗಿದ್ದೆ ಅಂತ ಅವತ್ತ ಯಾಕ ಹೇಳಲಿಲ್ಲ ಕಾಕಾ?"

"ಕೊಟ್ಟಿದ್ರ ಹೇಳ್ತಿದ್ದೆ. ಕೊಡಲಿಲ್ಲ, ಏನಂತ ಹೇಳೋದ್ರಿ? ನಿಮ್ಮ ಆಗದವನ ಹತ್ರ ಹೋಗಿ ಬರಿಗೈಲೆ ಬಂದೆ ಅಂತಾ?"

"ತಪ್ಪಾತು. ಬಿಟ್ಟುಬಿಡು. ಬಾ."

ಬೇಲಿಯ ಗಂಟನ್ನು ಎಳೆದು ಬಿಗಿದ. "ಹನ್ನೆರಡು ವರ್ಷ ಬಿಗಿದೀನ್ರಿ ನಾನು. ಬಿಗಿದೀನಿ ಅಂತ ಬಾಯಿಲೆ ಹೇಳಿದೆ, ಸಾಲಲಿಲ್ಲ. ತಗಡು ಹೇಳಿತು, ನಂಬಿದ್ರಿ."

ಮುದುಕಿಯ ಮಾತು ಹೇಳಿದೆ: ಅವನು ಬರುವವರೆಗೆ ಪೂಜೆಯೂ ಇಲ್ಲ, ಮೋಟರೂ ಇಳಿಯುವುದಿಲ್ಲ.

ಆದರೂ ಬಂದ. ನನಗಾಗಿ ಬರಲಿಲ್ಲ, ಮುದುಕಿ ಹೇಳಿ ಕಳಿಸಿದ್ದಾಳೆ ಎಂದು ಬಂದ. ಅವಳು ಎಲ್ಲಿಂದಲೋ ಒಂದು ತಂಬಿಗೆ ಸಿಹಿನೀರು ಹೊಂದಿಸಿ ಅರಿಶಿನ ಕಲಸಿದ್ದಳು, ಹಚ್ಚುವ ಮೊದಲು ಕಾಕಾನಿಗೆ ತೋರಿಸಿದಳು. ಹಗ್ಗ ಕಟ್ಟಿದೆವು. ಮೊದಲ ಪೈಪು ಅರ್ಧ ಇಳಿಯಿತು. ಕಾಕಾ ನಟ್ಟು ಬಿಗಿದ, ಎದ್ದು ನಿಂತು ಪಾನಾವನ್ನು ನನ್ನ ಕಡೆ ಚಾಚಿದ.

"ನೋಡ್ರಿ."

"ನೋಡೋದು ಏನೂ ಇಲ್ಲ ಕಾಕಾ."

"ನೋಡ್ರಿ. ಆಮ್ಯಾಲ ಮಾತು ಬ್ಯಾಡ."

ನೋಡಿದೆ. ಇಪ್ಪತ್ತು ಪೈಪು, ಪೈಪಿಗೆ ಎರಡು ಹಿಡಿತ, ನಲವತ್ತು ಸಲ ನೋಡಿದೆ. ಸಂಜೆ ನಲ್ಲಿಯಲ್ಲಿ ನೀರು ಬಂದಾಗ ಊರು ಕೇಕೆ ಹಾಕಿತು. ಕಾಕಾ ಕೈ ತೊಳೆದುಕೊಂಡು ಬಸ್ಸಿಗೆ ಹೋದ.

ಅವನು ಈಗಲೂ ನನ್ನ ಜೊತೆಯೇ ಕೆಲಸ ಮಾಡುತ್ತಾನೆ, ತಮ್ಮಾ ಎಂದು ಮಾತ್ರ ಕರೆಯುವುದಿಲ್ಲ. ಹೋದ ವಾರ ಹಡಗಲಿ ಹತ್ತಿರ ಒಂದು ತೋಟದಲ್ಲಿ ಹದಿನೇಳನೇ ಪೈಪು ಹಿಡಿದಿದ್ದೆವು. ಕಾಕಾ ಪಾನಾ ಚಾಚಿದ. ನಾನು ಕೈ ಹಿಂದೆ ಕಟ್ಟಿಕೊಂಡೆ. "ಬ್ಯಾಡ ಕಾಕಾ, ನಿನ್ನ ಬಾಯಿಮಾತು ಸಾಕು" ಅಂದೆ. ಅವನು ಚಾಚಿದ ಕೈ ಚಾಚಿಯೇ ನಿಂತ. ಸರಪಳಿಯವರು ಇಬ್ಬರೂ ನೆಲ ನೋಡುತ್ತಿದ್ದರು. ಕೆಳಗೆ ಆರು ಕ್ವಿಂಟಾಲು ತೂಗುತ್ತಿತ್ತು. ಕೊನೆಗೆ ನಾನೇ ಪಾನಾ ತಗೊಂಡು, ನಟ್ಟಿಗೆ ಹಾಕಿ, ಮೈಭಾರ ಬಿಟ್ಟು ಒತ್ತಿದೆ. ಕೂದಲೆಳೆಯಷ್ಟೂ ತಿರುಗಲಿಲ್ಲ.